ಪದ ಪರಿಚಯ: ಕ್ವಾಲಿಟಿ ಡೀರ್ ಮ್ಯಾನೇಜ್‌ಮೆಂಟ್

ಅಮೆರಿಕದ ಬೇಟೆಗಾರರು ಇದನ್ನು ಚುಟುಕಾಗಿ 'ಕ್ಯೂಡಿಎಂ' ಅನ್ನುತ್ತಾರೆ. ಬಿಳಿಬಾಲದ ಜಿಂಕೆಗಳ ಹಿಂಡು ಕಾಡಿನ ಮೇವಿಗೆ ಮೀರದಂತೆ ನೋಡಿಕೊಂಡು, ಎಳೆ ಗಂಡುಗಳನ್ನು ಬಲಿಯಲು ಬಿಟ್ಟು ಬೇಟೆಯಾಡುವ ಕ್ರಮ ಇದು. ಒಳ್ಳೆಯ ಕೊಂಬು ಇದರ ಫಲ.

ಮೊದಲು ಕೊಂಬಿನ ಮಾತು. ಕನ್ನಡದಲ್ಲಿ ಎಮ್ಮೆಯದೂ ಕೊಂಬು, ಜಿಂಕೆಯದೂ ಕೊಂಬು. ಎಮ್ಮೆ, ಕೃಷ್ಣಮೃಗಗಳದು ಒಳಗೆ ಮೂಳೆ, ಹೊರಗೆ ಗೊರಸಿನಂಥ ಪೊರೆ. ಸಾಯುವ ತನಕ ತಲೆಯ ಮೇಲಿರುತ್ತದೆ. ಜಿಂಕೆ, ಕಡವೆಗಳದು ಬರೀ ಮೂಳೆ. ಕವಲೊಡೆಯುತ್ತದೆ, ಉದುರುತ್ತದೆ, ಮತ್ತೆ ಮೊಳೆಯುತ್ತದೆ. ಕೊಂಬು ಅನ್ನುವುದಕ್ಕಿಂತ ಕೊಂಬೆ ಅಂದರೇ ಸರಿಯೇನೋ! ಬಿಳಿಬಾಲದ ಜಿಂಕೆಗೆ ವಸಂತದಲ್ಲಿ ಮೊಳೆತ ಕೊಂಬು ಬೇಸಿಗೆಯಿಡೀ ಮಖಮಲ್ಲಿನಂಥ ತೊಗಲು ಹೊದ್ದು ಬೆಳೆದು, ಸೆಪ್ಟೆಂಬರ್ ಹೊತ್ತಿಗೆ ಗಟ್ಟಿಯಾಗುತ್ತದೆ. ಆಗ ಗಂಡು ಎಳೆಮರಗಳಿಗೆ ತಲೆಯುಜ್ಜಿ ತೊಗಲು ಕೀಳುತ್ತದೆ. ರಕ್ತ ಮೆತ್ತಿದ ಚಿಂದಿ ಕೆಲ ಗಂಟೆ ಅದರ ಕಣ್ಣೆದುರೇ ಜೋಲುತ್ತಿರುತ್ತದೆ. ಬೆದೆ ಮುಗಿದು ಚಳಿಗಾಲ ಕಳೆಯುವಷ್ಟರಲ್ಲಿ ಕೊಂಬು ನೆಲಕ್ಕೆ ಬಿದ್ದು ಇಲಿ, ಅಳಿಲುಗಳ ಪಾಲಾಗುತ್ತದೆ.

ಇಷ್ಟು ಮೂಳೆ ನಾಲ್ಕೈದು ತಿಂಗಳಲ್ಲಿ ಬೆಳೆಯಬೇಕು. ತಿಂದ ಮೇವಿನ ಸುಣ್ಣದಂಶ ಸಾಲದೆ ಜಿಂಕೆ ತನ್ನ ಪಕ್ಕೆಲುಬಿನಿಂದಲೇ ಕಡ ತರುತ್ತದೆ. ಎಳೆಯದರಲ್ಲಂತೂ ಮೊದಲ ಪಾಲು ಮೈಗೆ, ಮಿಕ್ಕಿದ್ದು ಕೊಂಬಿಗೆ. ಹಾಗಾಗಿ ಒಂದೂವರೆ ವರ್ಷದ ಗಂಡಿನ ಕೊಂಬು ನೋಡಿ ಜಾತಕ ಬರೆಯಬಾರದು. ಅದರ ಪೂರ್ತಿ ಗತ್ತು ಕಾಣುವುದು 5ರಿಂದ 7 ವರ್ಷಕ್ಕೆ. ವಯಸ್ಸು, ಮೇವು, ವಂಶ ಈ ಮೂರರಲ್ಲಿ ಮೊದಲೆರಡು ಮಾತ್ರ ಮನುಷ್ಯನ ಕೈಲಿವೆ. ಸಣ್ಣ ಕೊಂಬಿನವನ್ನು ಆರಿಸಿ ಕೊಂದರೆ ತಳಿ ಸುಧಾರಿಸೀತೆಂದು ದಕ್ಷಿಣ ಟೆಕ್ಸಾಸ್‌ನ ಕೊಮಾಂಚಿ ರ‍್ಯಾಂಚ್‌ನಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದರು, ಫಲಿಸಲಿಲ್ಲ. ಕೊಂಬೇ ಇಲ್ಲದ ತಾಯಿಯೂ ಅರ್ಧ ವಂಶ ಕೊಡುತ್ತಾಳಲ್ಲ, ಅವಳನ್ನು ಆರಿಸುವುದು ಹೇಗೆ?

1900ರ ಸುಮಾರಿಗೆ ಅಮೆರಿಕದಲ್ಲಿ ಈ ಜಿಂಕೆಗಳು 5 ಲಕ್ಷಕ್ಕೂ ಕೆಳಗಿಳಿದಿದ್ದವು. ಹೆಣ್ಣನ್ನು ಹೊಡೆಯಬೇಡಿ ಎಂಬ ಕಟ್ಟಳೆ ಹುಟ್ಟಿದ್ದು ಆಗ. ಹಿಂಡು ಚೇತರಿಸಿಕೊಂಡರೂ ಕಟ್ಟಳೆ ಸಡಿಲವಾಗಲಿಲ್ಲ. ಹೆಣ್ಣುಗಳು ಹೆಚ್ಚಿ ಕಾಡು ಬೋಳಾಯಿತು, ಗಂಡುಗಳು ಮೀಸೆ ಮೂಡುವ ಮುನ್ನವೇ ಬಂದೂಕಿಗೆ ಬಲಿಯಾದವು. ಟೆಕ್ಸಾಸ್‌ನ ಜೀವಶಾಸ್ತ್ರಜ್ಞರಾದ ಆಲ್ ಬ್ರದರ್ಸ್ ಮತ್ತು ಮರ್ಫಿ ರೇ 1975ರಲ್ಲಿ ಪುಸ್ತಕ ಬರೆದು ಇದನ್ನು ತಿರುಗಿಸಿ ಹೇಳಿದರು: ಹಿಂಡು ಮೇವಿಗೆ ಮೀರದಿರಲು ಅಗತ್ಯವಿದ್ದಷ್ಟು ಹೆಣ್ಣನ್ನು ಹೊಡೆಯಿರಿ, ಎಳೆ ಗಂಡನ್ನು ಬಿಡಿ. 1988ರಲ್ಲಿ ಸೌತ್ ಕೆರೊಲಿನಾದ ಜೋ ಹ್ಯಾಮಿಲ್ಟನ್ ಇದಕ್ಕಾಗಿಯೇ ಸಂಘ ಕಟ್ಟಿದರು. 2002ರಿಂದ ಪೆನ್ಸಿಲ್ವೇನಿಯಾದ ಹೆಚ್ಚಿನ ಕಡೆ, ಒಂದು ಬದಿಗೆ ಕನಿಷ್ಠ 3 ಕವಲಿಲ್ಲದ ಗಂಡನ್ನು ಹೊಡೆಯುವಂತಿಲ್ಲ. ಪಳಗಿದವರು ಕವಲು ಎಣಿಸುತ್ತಾ ಕೂರುವುದಿಲ್ಲ. ಕತ್ತು ದಪ್ಪಗಿದೆಯೇ, ಹೊಟ್ಟೆ ಜೋತಿದೆಯೇ, ಬೆನ್ನು ಬಾಗಿದೆಯೇ ಎಂದು ನೋಡಿ ವಯಸ್ಸು ಅಂದಾಜಿಸುತ್ತಾರೆ.

ಬೇಲಿಯೊಳಗೆ ಹಿಂಡಿ ತಿನ್ನಿಸಿ ರಾಕ್ಷಸ ಕೊಂಬು ಬೆಳೆಸುವ ಫಾರಂಗಳನ್ನು ಇದರ ಜೊತೆ ಕಲಸಬೇಡಿ, ಅದು ಪಶುಪಾಲನೆ. ಮೇವಿನ ತೊಟ್ಟಿಯ ಸುತ್ತ ಜಿಂಕೆಗಳು ಮೂತಿಗೆ ಮೂತಿ ತಾಗಿಸಿ ನಿಂತರೆ, ಮಿದುಳು ಕೊರೆದು ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಹರಡಲು ಹಾದಿ ಸಲೀಸು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ, ಕಾಡಲ್ಲಿ ಬಿದ್ದ ಕೊಂಬು ಆಯ್ದು ಮಾರುವುದೂ ಅಪರಾಧ. ಬಂಡೀಪುರಕ್ಕೆ ಹೋದರೆ ಸುಮ್ಮನೆ ನೋಡಬಹುದು: ಚುಕ್ಕೆ ಜಿಂಕೆಗೆ ಋತುವಿನ ಬಿಗಿ ಕಡಿಮೆ, ಒಂದೇ ಹಿಂಡಿನಲ್ಲಿ ಒಂದರದು ಮಖಮಲ್ಲು, ಇನ್ನೊಂದರದು ಗಟ್ಟಿ ಕೊಂಬು, ಮತ್ತೊಂದರ ತಲೆ ಬೋಳು.