ನಮ್ಮೂರ ಮಹಿಳಾ ಸಂಘ ಬಾಂಗ್ಲಾದೇಶದಿಂದ ಬಂದಿದ್ದಾ?

ಓದುಗರ ಪ್ರಶ್ನೆ: ನಮ್ಮಮ್ಮ ತುಂಬಾ ವರ್ಷದಿಂದ ಊರಿನ ಸ್ವಸಹಾಯ ಸಂಘದಲ್ಲಿದ್ದಾರೆ. ಈ ಸಂಘಗಳನ್ನೆಲ್ಲ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ನೋಡಿಕೊಂಡು ಮಾಡಿದ್ದು ಅಂತಾರೆ. ನಿಜಾನಾ?

ಇಲ್ಲ. ಈ ಪ್ರಶ್ನೆ ಆಗಾಗ ಬರುತ್ತದೆ. ಪ್ರತಿ ಸಲ ನನಗೆ ಸ್ವಲ್ಪ ಬೇಜಾರಾಗುತ್ತದೆ. ಯಾಕೆಂದರೆ ಈ ಕಥೆಯ ದೊಡ್ಡ ಪಾಲು ನಡೆದದ್ದು ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ.

1968ರಲ್ಲಿ ಇಲ್ಲಿ ಮೈರಾಡ ಅನ್ನುವ ಸಂಸ್ಥೆ ಹುಟ್ಟಿತು. ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಮಾಡಿಕೊಡುವುದು ಅದರ ಮೊದಲ ಕೆಲಸ. ಆಮೇಲೆ ಹಳ್ಳಿಯ ಬಡವರ ಕಡೆ ತಿರುಗಿತು. ಅವರಿಗಾಗಿ ದೊಡ್ಡ ಸಹಕಾರ ಸಂಘಗಳನ್ನು ಮಾಡಿಸಿ, ಅವುಗಳ ಮೂಲಕ ಸಾಲ ಕೊಡಿಸಿತು.

1984–85ರ ಹೊತ್ತಿಗೆ ಅಂಥ ಹಲವು ಸೊಸೈಟಿಗಳು ಮುರಿದುಬಿದ್ದವು. ಮುಂದಾಳುಗಳ ಮೇಲೆ ಸದಸ್ಯರಿಗೆ ನಂಬಿಕೆ ಹೋಗಿತ್ತು. ಆಡಳಿತವೂ ಸರಿ ಇರಲಿಲ್ಲ. ಆಗ ಸಣ್ಣ ಸಣ್ಣ ಗುಂಪಾಗಿ ಕೂತ ಜನ, ಸಾಲ ತೀರಿಸುತ್ತೇವೆ, ಆದರೆ ಸೊಸೈಟಿಗೆ ಕಟ್ಟುವುದಿಲ್ಲ, ಬೇಕಾದರೆ ಮೈರಾಡಕ್ಕೆ ಕಟ್ಟುತ್ತೇವೆ ಅಂದರು. ಸಂಸ್ಥೆಯವರು ಆ ಹಣ ತೆಗೆದುಕೊಳ್ಳಲಿಲ್ಲ. ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಅಂದರು.

ನನ್ನ ಪ್ರಕಾರ ಸಂಘ ಹುಟ್ಟಿದ್ದು ಆ ಮಾತಿನಲ್ಲಿ. ವಾಪಸ್ ಬಂದ ಹಣ ಗುಂಪಿನದೇ ಆಯಿತು. ಅದಕ್ಕೆ ಉಳಿತಾಯ ಸೇರಿತು. ಯಾರಿಗೆ ಕೊಡಬೇಕು, ಎಷ್ಟು ಬಡ್ಡಿ, ಮೀಟಿಂಗಿಗೆ ಬಾರದವರಿಗೆ ಎಷ್ಟು ದಂಡ, ಎಲ್ಲ ಅವರದೇ ತೀರ್ಮಾನ. ಆ ಗುಂಪುಗಳನ್ನು ಹೊರಗಿನವರು ಜೋಡಿಸಿದ್ದೂ ಅಲ್ಲ. ಒಬ್ಬರ ಮೇಲೊಬ್ಬರಿಗೆ ಮೊದಲಿಂದ ನಂಬಿಕೆ ಇದ್ದವರು ತಾವಾಗಿಯೇ ಒಟ್ಟಿಗೆ ಕೂತಿದ್ದರು. 1982ರಿಂದ ಮೈರಾಡವನ್ನು ಮುನ್ನಡೆಸಿದ ಅಲೋಶಿಯಸ್ ಫರ್ನಾಂಡಿಸ್ ಒತ್ತಿ ಹೇಳುತ್ತಾ ಬಂದದ್ದು ಇದನ್ನೇ.

ಗುಂಪಿನಲ್ಲಿ ಯಾಕೆ ಇಪ್ಪತ್ತೇ ಜನ ಅಂತಲೂ ಕೆಲವರು ಕೇಳುತ್ತಾರೆ. ಅದಕ್ಕಿಂತ ಜಾಸ್ತಿ ಆದರೆ ಕಾನೂನಿನ ಪ್ರಕಾರ ನೋಂದಣಿ ಮಾಡಿಸಬೇಕಿತ್ತು. ಇಪ್ಪತ್ತು ಜನರಾದರೆ ಎಲ್ಲರಿಗೂ ಮಾತಾಡಲು ಅವಕಾಶವೂ ಸಿಗುತ್ತದೆ, ಅಲ್ವಾ?

1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್ ಈ ಪ್ರಯೋಗಕ್ಕೆ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ಸ್ವಸಹಾಯ ಗುಂಪು ಅನ್ನುವ ಹೆಸರು ಬಳಕೆಗೆ ಬಂದದ್ದೂ ಆಗಲೇ. 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಗುರಿ ಇಟ್ಟುಕೊಂಡಿತು. ನೋಂದಣಿ ಇಲ್ಲದ, ಅಡ ಇಡಲು ಏನೂ ಇಲ್ಲದ ಗುಂಪಿಗೆ ಬ್ಯಾಂಕ್ ಸಾಲ ಕೊಡುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದದ್ದು ಇನ್ನೂ ತಡವಾಗಿ, 2000–01ರಲ್ಲಿ.

ಬಾಂಗ್ಲಾದೇಶದ ಕಥೆಯೂ ಸುಳ್ಳಲ್ಲ. ಅಲ್ಲಿನ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ ಬಡವರಿಗೆ ಸಣ್ಣ ಸಾಲ ಕೊಡಲು 1976ರಲ್ಲಿ ಜೋಬ್ರಾ ಹಳ್ಳಿಯಲ್ಲಿ ಶುರುಮಾಡಿದ ಕೆಲಸ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. ಆದರೆ ಅದರ ದಾರಿ ಬೇರೆ. ಅಲ್ಲಿ ಐದೈದು ಜನರ ಗುಂಪು. ಸಾಲ ಕೊಡುವುದು ಬ್ಯಾಂಕು, ಅದೂ ಒಬ್ಬೊಬ್ಬರಿಗೆ. ನಮ್ಮಲ್ಲಿ ಸಾಲ ಕೊಡುವುದು ಸಂಘ. ನಮ್ಮ ದೇಶದಲ್ಲೇ ಇನ್ನೂ ಹಳೆಯ ಪ್ರಯತ್ನಗಳಿವೆ. ಅಹಮದಾಬಾದಿನಲ್ಲಿ ದುಡಿಯುವ ಹೆಂಗಸರು ಕಟ್ಟಿದ ಸೇವಾ ಬ್ಯಾಂಕ್ 1974ರದ್ದು.

ಇವತ್ತು ಹಳ್ಳಿಯಲ್ಲಿ ಸಂಘ ಅಂದರೆ ಕೆಲವರಿಗೆ ವಾರದ ಕಂತಿಗೆ ಬಾಗಿಲಿಗೆ ಬರುವ ಮೈಕ್ರೋ ಫೈನಾನ್ಸ್ ನೆನಪಾಗುತ್ತದೆ. ಎರಡೂ ಒಂದೇ ಅಲ್ಲ. ನಿಮ್ಮಮ್ಮನನ್ನು ಕೇಳಿ ನೋಡಿ: ಸಾಲ ಯಾರಿಗೆ, ಬಡ್ಡಿ ಎಷ್ಟು ಅಂತ ಯಾರು ತೀರ್ಮಾನ ಮಾಡುತ್ತಾರೆ? ಬಂದ ಬಡ್ಡಿ ಎಲ್ಲಿಗೆ ಹೋಗುತ್ತದೆ? ತೀರ್ಮಾನ ನಾವೇ ಮಾಡುತ್ತೇವೆ, ಬಡ್ಡಿ ನಮ್ಮ ಸಂಘಕ್ಕೇ ಬರುತ್ತದೆ ಅಂದರೆ, ಅದು 1984ರಲ್ಲಿ ಆ ಜನ ಕಟ್ಟಿಕೊಂಡ ಸಂಘದ ಜಾತಿಯದೇ.