ಟೇಪು ಓಡಿದರೆ ಸಾಕು: ಮನೆಯ ಹಳೆಯ ವಿಡಿಯೊಗಳಿಗೆ ಯಾವ ಹ್ಯಾಂಡಿಕ್ಯಾಮ್?

ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅದಕ್ಕೆ ಹಿಂದಿನ ಹತ್ತು ಹದಿನೈದು ವರ್ಷಗಳಲ್ಲೇ ನಮ್ಮ ಕೋಲಾರ ಸೀಮೆಯ ಮನೆಗಳಿಗೆ ವಿಡಿಯೊ ಕ್ಯಾಮೆರಾ ಕಾಲಿಟ್ಟಿದ್ದು. ಹಾಗಾಗಿ ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್, ಮಾರಿಕುಪ್ಪಂ, ಬಂಗಾರಪೇಟೆಗಳ ಬೀರುಗಳಲ್ಲಿ ಉಳಿದಿರುವ ಕ್ಯಾಸೆಟ್‌ಗಳು ಬರೀ ಮದುವೆ, ನಾಮಕರಣಗಳ ದಾಖಲೆಯಲ್ಲ. ಮೆರವಣಿಗೆಯ ಹಿಂದೆ ಇನ್ನೂ ತಿರುಗುತ್ತಿರುವ ಶಾಫ್ಟಿನ, ಅಂದರೆ ಗಣಿಗೆ ಇಳಿಯುವ ಬಾವಿಯ, ಗಾಲಿ, ಪಾಳಿ ಮುಗಿಸಿ ಬಂದು ಊಟಕ್ಕೆ ಕುಳಿತ ಗಣಿ ಕೆಲಸಗಾರರು ಅವುಗಳಲ್ಲಿ ಸಿಕ್ಕಬಹುದು. ಇಂಥ ಟೇಪನ್ನು ಕಸಕ್ಕೆ ಹಾಕುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹೆಚ್ಚು ದುಡ್ಡು ಸುರಿಯದೆ, ಈ ಟೇಪುಗಳನ್ನೂ ಓಡಿಸಬಲ್ಲ ಕ್ಯಾಮೆರಾ ಯಾವುದಿದೆ ಎಂದು ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ. ಕೇಳಿದ ಕೂಡಲೇ ಜೂಮ್ ಎಷ್ಟು, ಲೆನ್ಸ್ ಯಾವುದು ಎಂಬ ಮಾತು ಶುರುವಾಗುತ್ತದೆ. ಅವನ್ನೆಲ್ಲ ಬಿಟ್ಟುಬಿಡಿ. ಚಿತ್ರ ತೆಗೆಯುವುದಕ್ಕೆ ಜೇಬಿನಲ್ಲಿ ಮೊಬೈಲ್ ಇದೆ. ಅದು ಅಂದಿನ ಯಾವ ಹ್ಯಾಂಡಿಕ್ಯಾಮ್‌ಗಿಂತಲೂ ಚೆನ್ನಾಗಿಯೇ ತೆಗೆಯುತ್ತದೆ. ನೀವು ಕೊಳ್ಳಲು ಹೊರಟಿರುವುದು ಟೇಪು ಓದುವ ಯಂತ್ರ. ಅದು ಯಾವುದಾಗಿರಬೇಕೆಂದು ನಿಮ್ಮ ಬೀರುವಿನಲ್ಲಿರುವ ಕ್ಯಾಸೆಟ್ಟೇ ತೀರ್ಮಾನಿಸುತ್ತದೆ.

ರಾಬರ್ಟ್‌ಸನ್‌ಪೇಟೆಯ ನಮ್ಮಕ್ಕನ ಮನೆಯಲ್ಲಿ ಚಿಕ್ಕ ಕ್ಯಾಸೆಟ್‌ಗಳೆಲ್ಲ ಒಂದೇ ಬಿಸ್ಕತ್ತು ಡಬ್ಬಿಯಲ್ಲಿದ್ದವು. ಮಕ್ಕಳ ಸ್ಕೇಲು ತಂದು ಅಳೆದಾಗ ಅವು ಎರಡು ಜಾತಿಯಾದವು. ಎರಡೂ ಸುಮಾರು ಒಂಬತ್ತು ಸೆಂಟಿಮೀಟರ್ ಉದ್ದ, ಆರು ಸೆಂಟಿಮೀಟರ್ ಅಗಲ. ಕಣ್ಣಳತೆಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಒಂದರ ದಪ್ಪ 15 ಮಿಲಿಮೀಟರ್, ಇನ್ನೊಂದರದು 23. ತೆಳ್ಳಗಿರುವುದು 8 ಮಿಲಿಮೀಟರ್ ಅಗಲದ ಟೇಪಿನದು: ವಿಡಿಯೊ8 ಅಥವಾ ಹೈ8. ದಪ್ಪಗಿರುವುದು ವಿಎಚ್‌ಎಸ್-ಸಿ. ಅದರೊಳಗಿರುವುದು ದೊಡ್ಡ ವಿಎಚ್‌ಎಸ್ ಕ್ಯಾಸೆಟ್ಟಿನ ಅರ್ಧ ಅಂಗುಲದ ಟೇಪೇ ಆದ್ದರಿಂದ ಅಡಾಪ್ಟರ್ ಕವಚದಲ್ಲಿಟ್ಟು ದೊಡ್ಡ ಕ್ಯಾಸೆಟ್ ಓಡಿಸುವ ಯಾವುದೇ ವಿಸಿಆರ್‌ಗೆ ಹಾಕಬಹುದು. 8 ಮಿಲಿಮೀಟರ್ ಟೇಪಿಗೆ ಅಂಥ ಅಡಾಪ್ಟರ್ ಇಲ್ಲ, ಇರಲೂ ಸಾಧ್ಯವಿಲ್ಲ. ಇದೆ ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ, ಆರೂವರೆ ಸೆಂಟಿಮೀಟರ್ ಉದ್ದದ ಕ್ಯಾಸೆಟ್ ಸಿಕ್ಕರೆ ಅದು 1995ರಲ್ಲಿ ಬಂದ, ಚಿತ್ರವನ್ನು ಡಿಜಿಟಲ್ ಅಂಕಿಗಳಾಗಿ ಬರೆಯುವ ಮಿನಿಡಿವಿ.

ಒಂದರ ಟೇಪು ಇನ್ನೊಂದರಲ್ಲಿ ಓಡದಿರಲು ಕಂಪನಿಗಳ ಪೈಪೋಟಿಯೊಂದೇ ಕಾರಣವಲ್ಲ. ಟೇಪಿನ ಮೇಲೆ ಚಿತ್ರ ಕೂರುವ ಬಗೆಯಲ್ಲೇ ಅದರ ಮೂಲವಿದೆ.

ಹಾಡಿನ ಕ್ಯಾಸೆಟ್‌ನಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಸಾಗುತ್ತದೆ. ಕಿವಿಗೆ ಕೇಳಿಸುವ ಅತಿ ಕೀಚಲು ಸ್ವರವೆಂದರೆ ಸೆಕೆಂಡಿಗೆ 20 ಸಾವಿರ ಕಂಪನ. ಅಷ್ಟನ್ನು ಬರೆಯಲು ಈ ವೇಗ ಹೆಚ್ಚುಕಡಿಮೆ ಸಾಕು. ಟಿವಿ ಚಿತ್ರದ ಸಂಕೇತ ಸೆಕೆಂಡಿಗೆ 50 ಲಕ್ಷ ಕಂಪನಗಳವರೆಗೆ ಹೋಗುತ್ತದೆ. ಟೇಪನ್ನೇ ವೇಗವಾಗಿ ಓಡಿಸಿ ಇದನ್ನು ಹಿಡಿಯಲು 1950ರ ದಶಕದಲ್ಲಿ ಬಿಬಿಸಿ ಪ್ರಯತ್ನಿಸಿತು. ವೆರಾ ಎಂಬ ಆ ಯಂತ್ರದಲ್ಲಿ ಟೇಪು ಸೆಕೆಂಡಿಗೆ ಐದು ಮೀಟರ್ ಓಡುತ್ತಿತ್ತು. ದೊಡ್ಡ ತಟ್ಟೆಯಷ್ಟಗಲದ ಉಕ್ಕಿನ ಸುರುಳಿಯಲ್ಲಿ ಟೇಪು ಸುತ್ತಿಟ್ಟರೂ ಹೆಚ್ಚು ಹೊತ್ತಿನ ಕಾರ್ಯಕ್ರಮ ಹಿಡಿಯುತ್ತಿರಲಿಲ್ಲ. 1956ರಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿ ಬೇರೆ ಹಾದಿ ಹಿಡಿಯಿತು: ಟೇಪು ನಿಧಾನವಾಗಿ ಸಾಗಲಿ, ಅದರ ಮೇಲೆ ಬರೆಯುವ ಪುಟ್ಟ ಕಾಂತ, ಅಂದರೆ ಹೆಡ್, ವೇಗವಾಗಿ ತಿರುಗಲಿ.

ಮುಂದೆ ಮನೆಗಳಿಗೆ ಬಂದ ಯಂತ್ರಗಳೆಲ್ಲ ಇದೇ ಉಪಾಯದ ಮಕ್ಕಳು. ಹೊಳೆಯುವ ಲೋಹದ ಡ್ರಮ್ಮೊಂದು ಸ್ವಲ್ಪ ಓರೆಯಾಗಿ ನಿಂತಿರುತ್ತದೆ. ಟೇಪು ಅದನ್ನು ಬಳಸಿಕೊಂಡು ಹಾಯುತ್ತದೆ. ಡ್ರಮ್ಮಿನಲ್ಲಿ ಕೂತ ಎರಡು ಹೆಡ್‌ಗಳು, ಹೊಲವನ್ನು ಮೂಲೆಯಿಂದ ಮೂಲೆಗೆ ಉತ್ತ ಹಾಗೆ, ಟೇಪಿನ ಮೇಲೆ ಓರೆ ಸಾಲುಗಳನ್ನು ಒಂದರ ಪಕ್ಕ ಒಂದು ಎಳೆಯುತ್ತವೆ. ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್‌ನ ವಿಎಚ್‌ಎಸ್‌ನಲ್ಲಿ 62 ಮಿಲಿಮೀಟರ್ ವ್ಯಾಸದ ಡ್ರಮ್ಮು ನಿಮಿಷಕ್ಕೆ 1,500 ಸುತ್ತು ತಿರುಗುತ್ತದೆ. ಟೇಪು ಸಾಗುವುದು ಸೆಕೆಂಡಿಗೆ 2.34 ಸೆಂಟಿಮೀಟರ್ ಮಾತ್ರ. ಆದರೂ ಹೆಡ್ಡು ಟೇಪನ್ನು ಸವರುವ ವೇಗ ಹತ್ತಿರಹತ್ತಿರ ಐದು ಮೀಟರ್. ವೆರಾ ಮೈಲುಗಟ್ಟಲೆ ಟೇಪು ಓಡಿಸಿ ಪಡೆದದ್ದನ್ನು ಅಂಗೈಯಗಲದ ಪೆಟ್ಟಿಗೆ ಪಡೆಯಿತು. ಮನುಷ್ಯ ಮಾಡಿರುವ ಸೊಗಸಾದ ಯಂತ್ರಗಳಲ್ಲಿ ಇದೂ ಒಂದೆಂದು ನನ್ನ ಅಭಿಪ್ರಾಯ.

ವಿಡಿಯೊ8ರ ಡ್ರಮ್ಮು 40 ಮಿಲಿಮೀಟರಿನದು. ಅದು ಎಳೆಯುವ ಒಂದೊಂದು ಸಾಲಿನ ಅಗಲ ಸುಮಾರು 34 ಮೈಕ್ರಾನ್, ತಲೆಗೂದಲಿನ ಅರ್ಧದಷ್ಟು. ಮಿನಿಡಿವಿಯಲ್ಲಿ ಅದು 10 ಮೈಕ್ರಾನಿಗೆ ಇಳಿಯುತ್ತದೆ. ಡ್ರಮ್ಮಿನ ವ್ಯಾಸ, ಸಾಲಿನ ಅಗಲ, ಓರೆಯ ಕೋನ ಎಲ್ಲ ಬೇರೆಯಾಗಿರುವುದರಿಂದ ಟೇಪನ್ನು ಕತ್ತರಿಸಿ ಬೇರೆ ಕವಚಕ್ಕೆ ತುಂಬಿದರೂ ಪ್ರಯೋಜನವಿಲ್ಲ.

ಇಲ್ಲಿ ಒಂದು ಅಪವಾದವಿದೆ, ನಮ್ಮ ಕೆಲಸಕ್ಕೆ ಬರುವುದೂ ಅದೇ. 1999ರಲ್ಲಿ ಸೋನಿ ಡಿಜಿಟಲ್8 ಎಂಬ ಹ್ಯಾಂಡಿಕ್ಯಾಮ್ ತಂದಿತು. ಅದೇ 8 ಮಿಲಿಮೀಟರ್ ಕ್ಯಾಸೆಟ್, ಆದರೆ ಟೇಪಿನ ಮೇಲೆ ಬರೆಯುವುದು ಮಿನಿಡಿವಿಯ ಅಂಕಿಗಳನ್ನು. ಡ್ರಮ್ಮಿನ ವ್ಯಾಸ ಹಳೆಯದೇ ಆದ್ದರಿಂದ ಡಿಜಿಟಲ್8ರ ಹಲವು ಮಾದರಿಗಳು ಹಳೆಯ ವಿಡಿಯೊ8, ಹೈ8 ಟೇಪುಗಳನ್ನೂ ಓದುತ್ತವೆ. ಓದಿದ ಚಿತ್ರವನ್ನು ಕ್ಯಾಮೆರಾದೊಳಗೇ ಡಿಜಿಟಲ್ ರೂಪಕ್ಕೆ ತಿರುಗಿಸಿ, ಅಲುಗಾಡುವ ಸಾಲುಗಳನ್ನು ಸರಿಪಡಿಸಿ, ಐ-ಲಿಂಕ್ ಕಿಂಡಿಯಿಂದ ಕಂಪ್ಯೂಟರಿಗೆ ಕಳುಹಿಸುತ್ತವೆ. 8 ಮಿಲಿಮೀಟರ್ ಟೇಪು ಇರುವವರು ಹುಡುಕಬೇಕಾದದ್ದು ಇದನ್ನೇ. ಆದರೆ ಡಿಜಿಟಲ್8ರ ಕೆಲವು ಅಗ್ಗದ ಮಾದರಿಗಳಲ್ಲಿ ಹಳೆಯ ಟೇಪು ಓದುವ ಸೌಲಭ್ಯವನ್ನು ಕಿತ್ತುಹಾಕಿದ್ದಾರೆ. ಮಾದರಿಯ ಹೆಸರು ನೋಡಿ ನಂಬಬೇಡಿ. ನಿಮ್ಮದೇ ಹಳೆಯ ಕ್ಯಾಸೆಟ್ ಒಯ್ದು ಅಂಗಡಿಯಲ್ಲೇ ಓಡಿಸಿ ನೋಡಿ.

ಇನ್ನು ಅಗ್ಗದ ವಿಚಾರ. ಇಪ್ಪತ್ತು ವರ್ಷ ಹಿಂದಿನ ಅನೇಕ ಕ್ಯಾಮೆರಾಗಳಲ್ಲಿ ಚಿತ್ರ ಗ್ರಹಿಸುವ ಸಿಸಿಡಿ ಎಂಬ ಬಿಲ್ಲೆ, ಬಿಸಿ ಮತ್ತು ತೇವದ ಹವೆಗೆ ಸಿಕ್ಕಿ ಕೆಡುತ್ತಿತ್ತು. 2005ರಲ್ಲಿ ತಯಾರಕರೇ ಇದನ್ನು ಬಹಿರಂಗವಾಗಿ ಪ್ರಕಟಿಸಿದರು. ಅಂಥ ಕ್ಯಾಮೆರಾವನ್ನು ಚಾಲೂ ಮಾಡಿದರೆ ಪರದೆ ಕಪ್ಪಾಗಿರುತ್ತದೆ, ಇಲ್ಲವೇ ಬಣ್ಣಗಳು ಕಲಸಿಹೋಗಿರುತ್ತವೆ. ಮಾರುವವರು ಕೆಟ್ಟ ಮಾಲು ಎಂದು ಬೆಲೆ ಇಳಿಸುತ್ತಾರೆ. ಆದರೆ ಟೇಪು ಓಡಿಸುವ ಭಾಗಕ್ಕೂ ಸಿಸಿಡಿಗೂ ಸಂಬಂಧವೇ ಇಲ್ಲ. ಗುಂಡಿಯನ್ನು ವಿಸಿಆರ್ ಕಡೆಗೆ ತಿರುಗಿಸಿ ಕ್ಯಾಸೆಟ್ ಹಾಕಿದಾಗ ಚಿತ್ರ ಸ್ಪಷ್ಟವಾಗಿ ಬಂದರೆ, ನಿಮಗೆ ಬೇಕಾದ ಯಂತ್ರ ಅದೇ. ಲೆನ್ಸ್ ಗೀರಿರಲಿ, ಫ್ಲ್ಯಾಶ್ ಸತ್ತಿರಲಿ, ಚಿಂತೆ ಬೇಡ. ಸ್ಥಳೀಯ ಸ್ಟುಡಿಯೊಗಳಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸುವಾಗ ‘ಚಿತ್ರ ಬಾರದ, ಟೇಪು ಓಡುವ ಕ್ಯಾಮೆರಾ ಇದೆಯೇ’ ಎಂದೇ ಕೇಳಿ.

ಕೊಳ್ಳುವಾಗ ಕಿವಿಯನ್ನೂ ಬಳಸಬೇಕು. ಕ್ಯಾಸೆಟ್ ಒಳಗೆ ಇಳಿಯುವಾಗ ಕರಕರ ಸದ್ದು ಬಂದರೆ ಹಲ್ಲುಗಾಲಿ ಸವೆದಿದೆ. ಮುಂದಕ್ಕೂ ಹಿಂದಕ್ಕೂ ಪೂರ್ತಿ ಸುತ್ತಿಸಿ ನೋಡಿ. ಟೇಪನ್ನು ಎಳೆಯುವ ರಬ್ಬರ್ ರೋಲರ್ ವಯಸ್ಸಿಗೆ ಗಟ್ಟಿಯಾಗಿ ಹೊಳಪೇರಿದ್ದರೆ ಟೇಪು ಜಾರುತ್ತದೆ, ಮಾತಿನ ಧ್ವನಿ ಏರಿಳಿಯುತ್ತದೆ. ಸೋನಿ ಯಂತ್ರಗಳ ಪರದೆಯಲ್ಲಿ ‘ಸಿ:21’ ಎಂದು ಬಂದರೆ ಒಳಗೆ ತೇವ ಕೂತಿದೆ, ಆರಲು ಬಿಟ್ಟರೆ ಹೋಗಬಹುದು. ‘ಸಿ:22’ ಬಂದರೆ ಹೆಡ್ ಕೊಳೆಯಾಗಿದೆ, ಅದಕ್ಕೆ ಒಣ ಕ್ಲೀನಿಂಗ್ ಕ್ಯಾಸೆಟ್ ಇದೆ. ‘ಸಿ:31’, ‘ಸಿ:32’ ಎಂದು ಮತ್ತೆ ಮತ್ತೆ ಬಂದರೆ ಯಂತ್ರಭಾಗವೇ ಕೈಕೊಟ್ಟಿದೆ. ವಾಪಸು ಇಟ್ಟು ಬನ್ನಿ. ಬ್ಯಾಟರಿ ಸತ್ತಿದ್ದರೆ ಅಳುಕಬೇಡಿ. ಮೊದಮೊದಲ ಡಿಜಿಟಲ್8 ಮಾದರಿಗಳಿಗೆ ಹಾಕುವ ಎನ್‌ಪಿ-ಎಫ್ ಬ್ಯಾಟರಿಗಳನ್ನೇ ಮದುವೆ ಫೋಟೊಗ್ರಾಫರ್‌ಗಳು ಇಂದಿಗೂ ಎಲ್‌ಇಡಿ ದೀಪಗಳಿಗೆ ಬಳಸುತ್ತಾರೆ. ಕೋಲಾರದ ಯಾವ ಸ್ಟುಡಿಯೊದಲ್ಲಾದರೂ ಒಂದನ್ನು ಕೇಳಿ ಪಡೆದು ಪರೀಕ್ಷಿಸಬಹುದು.

ಮದುವೆ ಕ್ಯಾಸೆಟ್‌ಗಳದು ಬೇರೆ ಕಥೆ. ಅವು ಬಹುಪಾಲು ದೊಡ್ಡ ವಿಎಚ್‌ಎಸ್, ಹೆಗಲ ಮೇಲೆ ಹೊರುವ ಕ್ಯಾಮೆರಾದಲ್ಲಿ ತೆಗೆದು ಸ್ಟುಡಿಯೊದವರು ಪ್ರತಿ ಮಾಡಿಕೊಟ್ಟವು. ಇದಕ್ಕೆ ವಿಸಿಆರ್ ಬೇಕೇ ಬೇಕು. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ಇಲ್ಲ, ಹಳೆಯದನ್ನೇ ಹುಡುಕಬೇಕು. ಆದರೆ ಡಿಜಿಟಲ್8 ಕ್ಯಾಮೆರಾ ಇಲ್ಲೂ ನೆರವಾಗುತ್ತದೆ. ಚಿತ್ರ, ಧ್ವನಿಯ ತಂತಿ ಸಿಕ್ಕಿಸುವ ಅದರ ಎವಿ ಕಿಂಡಿ ಒಳಬರುವ ಸಂಕೇತವನ್ನೂ ಸ್ವೀಕರಿಸುವಂಥದ್ದಾದರೆ, ವಿಸಿಆರ್‌ನ ತಂತಿಯನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ ಅದರ ಮೂಲಕವೇ ಕಂಪ್ಯೂಟರಿಗೆ ಇಳಿಸಬಹುದು. ಯುರೋಪಿನಲ್ಲಿ ಮಾರಿದ ಎಷ್ಟೋ ಕ್ಯಾಮೆರಾಗಳಲ್ಲಿ, ವಿಡಿಯೊ ರೆಕಾರ್ಡರ್ ಎಂದು ಹೆಚ್ಚು ಸುಂಕ ಬೀಳಬಾರದೆಂದು, ಈ ಒಳದಾರಿಯನ್ನು ಮುಚ್ಚಿದ್ದರು. ಅದನ್ನೂ ನೋಡಿಯೇ ಕೊಳ್ಳಿ.

ಅಮೆರಿಕದಿಂದ ಚಿಕ್ಕಪ್ಪನೋ ಮಾವನೋ ತಂದ ಕ್ಯಾಮೆರಾದ ಟೇಪಾದರೆ ಎಚ್ಚರ. ಅಲ್ಲಿಯ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ನಮ್ಮ ಪಾಲ್‌ನಲ್ಲಿ 625 ಗೆರೆ, 25 ಚಿತ್ರ. 8 ಮಿಲಿಮೀಟರ್ ಕ್ಯಾಸೆಟ್ಟಿನ ಮೇಲಿನ ಪಿ5 ಎಂಬ ಗುರುತು ಪಾಲ್ ಲೆಕ್ಕದ ಅವಧಿಯನ್ನೂ ಪಿ6 ಎಂಬುದು ಎನ್‌ಟಿಎಸ್‌ಸಿ ಲೆಕ್ಕದ ಅವಧಿಯನ್ನೂ ಹೇಳುತ್ತದೆ, ಅಷ್ಟೇ. ಪಿ6 ಟೇಪಿನಲ್ಲೂ ಪಾಲ್ ಚಿತ್ರವಿರಬಹುದು. ಕೆಲವು ಪಾಲ್ ಹ್ಯಾಂಡಿಕ್ಯಾಮ್‌ಗಳ ಮೆನುವಿನಲ್ಲಿ ಎನ್‌ಟಿಎಸ್‌ಸಿ ಪ್ಲೇಬ್ಯಾಕ್ ಎಂಬ ಆಯ್ಕೆ ಇರುತ್ತದೆ. ಆದರೂ ಅಂಥ ಟೇಪುಗಳೇ ಹೆಚ್ಚಿದ್ದರೆ, ಅಲ್ಲಿಯದೇ ಕ್ಯಾಮೆರಾ ತರಿಸಿಕೊಳ್ಳುವುದು ಮೇಲು.

ಮಿನಿಡಿವಿ ಟೇಪು ಮಾತ್ರ ಇರುವವರಿಗೆ ತಲೆನೋವು ಕಡಿಮೆ: ಓಡುವ ಯಾವ ಮಿನಿಡಿವಿ ಕ್ಯಾಮೆರಾ ಆದರೂ ಆದೀತು. ಹೆಚ್ಚು ಹೊತ್ತು ಹಿಡಿಯಲೆಂದು ಟೇಪನ್ನು ನಿಧಾನವಾಗಿ ಓಡಿಸುವ ಎಲ್‌ಪಿ ವೇಗದಲ್ಲಿ ತೆಗೆದ ಟೇಪು ಮಾತ್ರ ಎಷ್ಟೋ ಸಲ ತನ್ನನ್ನು ತೆಗೆದ ಯಂತ್ರದಲ್ಲೇ ಸರಿಯಾಗಿ ಓಡುತ್ತದೆ.

ಕಂಪ್ಯೂಟರಿಗೆ ಇಳಿಸಲು ಕ್ಯಾಮೆರಾದ ಯುಎಸ್‌ಬಿ ಕಿಂಡಿಯನ್ನು ನಂಬಬೇಡಿ. ಹೆಚ್ಚಿನವುಗಳಲ್ಲಿ ಅದರಿಂದ ಬರುವುದು ಕಳಪೆ ಚಿತ್ರ. ಐ-ಲಿಂಕ್ ಕಿಂಡಿಯನ್ನೇ ಬಳಸಿ. ಐ-ಲಿಂಕ್ ಎಂದರೂ ಫೈರ್‌ವೈರ್ ಎಂದರೂ ಒಂದೇ. ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಅದರ ಕಾರ್ಡ್ ಹಾಕಿಸಿಕೊಳ್ಳಬಹುದು. ಕ್ಯಾಮೆರಾ, ಕಂಪ್ಯೂಟರ್ ಎರಡನ್ನೂ ಆಫ್ ಮಾಡಿಯೇ ತಂತಿ ಸಿಕ್ಕಿಸಿ. ಒಂದು ಗಂಟೆಯ ಟೇಪಿಗೆ ಸುಮಾರು 13 ಗಿಗಾಬೈಟ್ ಜಾಗ ಬೇಕು. ಆ ಮೂಲ ಫೈಲನ್ನು ಎರಡು ಡಿಸ್ಕ್‌ಗಳಲ್ಲಿ ಇಟ್ಟು, ನೆಂಟರಿಗೆ ಹಂಚಲು ಚಿಕ್ಕ ಪ್ರತಿಯನ್ನು ಬೇರೆಯೇ ಮಾಡಿಕೊಳ್ಳಿ.

ಕ್ಯಾಮೆರಾಕ್ಕೆ ಹಾಕುವ ಮುನ್ನ ಪ್ರತಿ ಕ್ಯಾಸೆಟ್ಟನ್ನೂ ಬೆಳಕಿಗೆ ಹಿಡಿದು ಅದರ ಪುಟ್ಟ ಕಿಟಕಿಯೊಳಗೆ ನೋಡಬೇಕು. ಟೇಪಿನ ಸುರುಳಿಯ ಅಂಚು ನುಣುಪಾದ ಕಪ್ಪಾಗಿದ್ದರೆ ಸರಿ. ಅಲ್ಲಲ್ಲಿ ಬಿಳಿ ನೂಲಿನಂತೆ, ಹಿಟ್ಟು ಉದುರಿದಂತೆ ಕಂಡರೆ ಬೂಷ್ಟು. ಅದನ್ನು ಓಡಿಸಿದರೆ ಹೆಡ್ ಕಟ್ಟಿಕೊಳ್ಳುತ್ತದೆ, ಮುಂದೆ ಹಾಕುವ ಒಳ್ಳೆಯ ಟೇಪಿಗೂ ಹರಡುತ್ತದೆ. ಲೋಹದ ಕಣಗಳನ್ನು ಪಾಲಿಯೆಸ್ಟರ್ ಪಟ್ಟಿಗೆ ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಒಡೆಯುತ್ತದೆ. ಆಗ ಟೇಪು ಜಿಗುಟಾಗಿ ಡ್ರಮ್ಮಿಗೆ ಮೆತ್ತಿಕೊಳ್ಳುತ್ತದೆ. ಕೋಲಾರದ ಒಣ ಹವೆ ಕರಾವಳಿ, ಮಲೆನಾಡುಗಳಿಗಿಂತ ಟೇಪಿಗೆ ದಯೆ ತೋರಿದೆ. ಆದರೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಸೋರುವ ಅಟ್ಟದಲ್ಲಿ ಅವನ್ನು ಇಟ್ಟಿದ್ದರೆ ಆ ಮಾತು ನಿಲ್ಲದು. ಬೂಷ್ಟು ಹಿಡಿದವನ್ನು ಬೇರೆ ಡಬ್ಬಿಗೆ ಹಾಕಿ, ಟೇಪು ತೊಳೆಯಲು ಬಲ್ಲವರ ಕೈಗೆ ಕೊಡಿ.

ಉಳಿದವುಗಳಲ್ಲಿ ಮೊದಲು ಮುಖ್ಯವಲ್ಲದ ಒಂದನ್ನು ಓಡಿಸಿ, ಯಂತ್ರ ಟೇಪು ಜಗಿಯುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಮನೆಯವರು ತುಂಬ ಬಯಸುವ ಟೇಪು. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು. ಆ ಹೊತ್ತಿನಲ್ಲಿ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಪರದೆಯ ಮೇಲೆ ಬರುವವರು ಯಾರು, ಯಾವ ಶಾಫ್ಟಿನಲ್ಲಿ ಕೆಲಸಕ್ಕಿದ್ದರು, ಈಗ ಎಲ್ಲಿದ್ದಾರೆ ಎಂದು ಕೇಳಿ ಅವರ ಮಾತನ್ನು ಮೊಬೈಲಿನಲ್ಲಿ ದಾಖಲಿಸಿ. ಫೈಲಿಗೆ ಹೆಸರಿಡುವಾಗ ವರ್ಷ ಮೊದಲು, ಬಳಿಕ ಊರು, ಬಳಿಕ ಸಮಾರಂಭ ಎಂಬ ಕ್ರಮ ಇಟ್ಟುಕೊಂಡರೆ ಎಲ್ಲವೂ ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ.