ದುಂಬಿ ಬಿಟ್ಟರೆ ಕಬ್ಬಿನ ಗದ್ದೆಯ ಕಳೆ ಹೋಗುತ್ತಾ?

ಪ್ರಶ್ನೆ: ಕಾಂಗ್ರೆಸ್ ಗಿಡ ತಿನ್ನುವ ದುಂಬಿ ಇದೆಯಂತೆ. ಅದನ್ನು ತಂದು ಬಿಟ್ಟರೆ ಕಬ್ಬಿಗೆ ಕಳೆನಾಶಕ ಹೊಡೆಯುವುದು ತಪ್ಪುತ್ತಾ?

ತಪ್ಪುವುದಿಲ್ಲ. ದುಂಬಿ ಇರುವುದು ನಿಜ, ಆದರೆ ಅದರ ಊಟ ಹೆಚ್ಚುಕಡಿಮೆ ಕಾಂಗ್ರೆಸ್ ಗಿಡ ಒಂದೇ. ಅದಕ್ಕೆ ಕೆಲಸ ಇರುವುದು ಬದು, ನಾಲೆ ಏರಿ, ಬೀಳು ಜಮೀನುಗಳಲ್ಲಿ.

ಮೆಕ್ಸಿಕೋದಿಂದ 1983ರಲ್ಲಿ ಬೆಂಗಳೂರಿಗೆ ತಂದು, ಪರೀಕ್ಷಿಸಿ, 1984ರಲ್ಲಿ ಹೊರಗೆ ಬಿಟ್ಟ ಜೈಗೋಗ್ರಾಮ ದುಂಬಿ ಇದು. ಕೆನೆಬಣ್ಣದ ಬೆನ್ನು, ಅದರ ಮೇಲೆ ಕಂದು ಗೀರು. ಮರಿಹುಳುಗಳು ಮೊದಲು ಬಾಯಿ ಹಾಕುವುದು ಕುಡಿಗೆ, ಹಾಗಾಗಿ ಗಿಡ ಹೂವಿಗೆ ಬರುವುದೇ ಕಷ್ಟ. ಒಂದೊಂದು ಗಿಡ ಹತ್ತು ಸಾವಿರಕ್ಕೂ ಮಿಕ್ಕಿ ಬೀಜ ಉದುರಿಸಬಲ್ಲದು ಅನ್ನುವಾಗ ಇದು ಸಣ್ಣ ಲಾಭವಲ್ಲ. ಸೂರ್ಯಕಾಂತಿ ಎಲೆಯನ್ನೂ ಕಡಿಯಿತು ಎಂದು ಒಮ್ಮೆ ಗದ್ದಲವಾಗಿತ್ತು. ಕಾಂಗ್ರೆಸ್ ಗಿಡದ ಪರಾಗ ಬಿದ್ದ ಎಲೆಗಳಿಗೆ ಅದು ಬಾಯಿ ಹಾಕಿದ್ದು ಆಮೇಲೆ ಗೊತ್ತಾಯಿತು.

ಬೇಸಿಗೆಯಲ್ಲಿ ದುಂಬಿ ಮಣ್ಣಿನೊಳಗೆ ಮಲಗಿರುತ್ತದೆ, ಮಳೆ ಬಿದ್ದಾಗ ಏಳುತ್ತದೆ. ದುಡ್ಡು ಕೊಟ್ಟು ತರಬೇಕಾಗಿಲ್ಲ. ಮಳೆಗಾಲದಲ್ಲಿ ಅದು ಮುತ್ತಿರುವ ಜಾಗ ಹುಡುಕಿ, ತೂತಿರುವ ಡಬ್ಬಿಗೆ ಒಂದಷ್ಟು ಕಾಂಗ್ರೆಸ್ ಸೊಪ್ಪು ಹಾಕಿ ಹಿಡಿದು ತನ್ನಿ. ಒಂದು ಜಾಗಕ್ಕೆ 500ರಿಂದ 1000 ಬಿಟ್ಟರೆ ನೆಲೆ ಊರುತ್ತದೆ. ಬಿಟ್ಟ ಮೇಲೆ ಅದೇ ಬದುವಿಗೆ ಕೀಟನಾಶಕ ಹೊಡೆದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಬೀಳು ಜಾಗಕ್ಕೆ ಮಳೆಗೆ ಮುಂಚೆ ತಗಚೆ ಬೀಜ ಎರಚಿದರೂ ಆಗುತ್ತದೆ. ಅದು ಕಾಂಗ್ರೆಸ್ ಗಿಡವನ್ನು ಒತ್ತರಿಸಿ ಬೆಳೆಯುತ್ತದೆ.

ಇನ್ನು ಗದ್ದೆಯ ಒಳಗೆ. ಕಬ್ಬಿಗೆ ಮೊದಲ ಮೂರು–ನಾಲ್ಕು ತಿಂಗಳು ಕಾವಲು ಬೇಕು, ಆಮೇಲೆ ಅದರ ನೆರಳೇ ಕಳೆಯನ್ನು ಹತ್ತಿಕ್ಕುತ್ತದೆ. ಆ ಅವಧಿಗೆ ಸಾಲಿನ ನಡುವೆ ಅಲಸಂದೆ ಅಥವಾ ಉದ್ದು ಹಾಕಿ. ಕೂಳೆ ಕಬ್ಬಾದರೆ, ಅಂದರೆ ಕಡಿದ ಬುಡದಿಂದಲೇ ಮತ್ತೆ ಚಿಗುರಿಸಿದ ಬೆಳೆಯಾದರೆ, ಕಟಾವಿನ ತರಗನ್ನು (ಒಣ ಗರಿಯನ್ನು) ಸಾಲುಗಳಿಗೆ ದಪ್ಪನಾಗಿ ಹರಡಿ. ಸಣ್ಣ ಬೀಜದ ಕಳೆಗಳಲ್ಲಿ ಬಹಳಷ್ಟಕ್ಕೆ ಮೊಳೆಯಲು ಬೆಳಕು ಬೇಕು. ಕತ್ತಲಲ್ಲಿ ಮೊಳೆತರೂ ತರಗು ದಾಟಿ ಮೇಲೆ ಬರುವಷ್ಟು ಶಕ್ತಿ ಆ ಬೀಜದಲ್ಲಿರುವುದಿಲ್ಲ. ಮಂಡ್ಯ ಸುತ್ತ ಕಟಾವು ಮುಗಿದದ್ದೇ ತಡ ತರಗಿಗೆ ಬೆಂಕಿ ಇಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಪುಕ್ಕಟೆ ಹೊದಿಕೆಯನ್ನು ಸುಟ್ಟು, ಆಮೇಲೆ ಅಂಗಡಿಗೆ ಹೋಗಿ ಕಳೆನಾಶಕ ತರುತ್ತಾರಲ್ಲ!

ಭತ್ತದಲ್ಲಿ ಕೆಲಸ ಸಲೀಸು. ಸಾಲು ನಾಟಿ ಮಾಡಿ, ಎರಡು ಮೂರು ಸಲ ಕೋನೋವೀಡರ್ (ಸಾಲಿನ ನಡುವೆ ಕೈಯಲ್ಲಿ ತಳ್ಳುವ ಕಳೆ ಯಂತ್ರ) ಓಡಿಸಿದರೆ ಕಳೆ ಕೆಸರಲ್ಲೇ ಕೊಳೆತು ಗೊಬ್ಬರವಾಗುತ್ತದೆ.

ಇವ್ಯಾವಕ್ಕೂ ಜಗ್ಗದ್ದು ಜೇಕು ಎಂಬ, ಹುಲ್ಲಿನಂಥ ಗಡ್ಡೆ ಕಳೆ. ಅದರ ಚೂಪು ಮೊಳಕೆ ಪ್ಲಾಸ್ಟಿಕ್ ಹೊದಿಕೆಯನ್ನೇ ತೂರಿಕೊಂಡು ಬರುತ್ತದೆ, ತರಗು ಯಾವ ಲೆಕ್ಕ? ನೆಲದೊಳಗೆ ಗಡ್ಡೆಗಳು ಸರಪಳಿಯ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸರಪಳಿ ಇಡಿಯಾಗಿರುವಾಗ ತುದಿಯ ಗಡ್ಡೆ ಮಿಕ್ಕವನ್ನು ಮೊಳೆಯಗೊಡುವುದಿಲ್ಲ. ಹಸಿ ಇದ್ದಾಗ ಉತ್ತರೆ ಸರಪಳಿ ತುಂಡಾಗಿ ಒಂದೊಂದು ಗಡ್ಡೆಯೂ ಬೇರೆ ಗಿಡವಾಗುತ್ತದೆ. ಹಾಗಾಗಿ ಬೇಸಿಗೆಯ ಉರಿಬಿಸಿಲಲ್ಲಿ ಉತ್ತು, ಗಡ್ಡೆಗಳನ್ನು ಮೇಲೆ ಹಾಕಿ ಒಣಗಲು ಬಿಡಿ. ಅದಕ್ಕೂ ಬಗ್ಗದಿದ್ದರೆ, ನಾಲೆ ನೀರು ಸಿಗುವವರು ಕೂಳೆ ತೆಗೆದ ಮೇಲೆ ಒಂದು ಬೆಳೆ ಭತ್ತ ಹಾಕಿ. ನಿಂತ ನೀರಲ್ಲಿ ಜೇಕಿನ ಆಟ ಅಷ್ಟಾಗಿ ನಡೆಯುವುದಿಲ್ಲ.